ರಣಧೀರನ ಪಕ್ಕದ ಮೇಕೆ

ರೇಸ್ ಕುದುರೆ ರಣಧೀರನಿಗೆ ನಲವತ್ತು ಲಕ್ಷಕ್ಕೆ ಮಾತಾಗಿತ್ತು. ಕೊಳ್ಳುವವರು ಕಣ್ಣಾರೆ ನೋಡುವುದಷ್ಟೇ ಬಾಕಿ. ಖಾದರ್ ಸಾಹೇಬರ ಮನೆಮಂದಿಯೆಲ್ಲ ಲದ್ದಿ ಹೊತ್ತು ಬೆಳೆಸಿದ ಆ ಲಾಯದಲ್ಲಿ, ಬೆದರುವ ಕುದುರೆ ಶಾಂತವಾಗಿರಲೆಂದು ಜೊತೆಗೊಂದು ಮೇಕೆ ಬಿಡುವುದು ಪದ್ಧತಿ. ರಣಧೀರನಿಗೂ ಒಂದಿತ್ತು.

“ಏ ಗಡ್ಡದವಳೇ, ಆಚೆ ನಡಿ. ನಿನ್ನ ನಾತಕ್ಕೆ ನನ್ನ ಬೆಲೆ ಇಳಿದೀತು,” ಎಂದ ರಣಧೀರ.

“ನಾನಿಲ್ಲದೆ ಒಂದು ಗಳಿಗೆಯಾದರೂ ನಿಂತಿದ್ದೀರಾ, ಮಹಾರಾಜರೇ?” ಎಂದಿತು ಮೇಕೆ.

“ಲಕ್ಷಗಳ ವ್ಯವಹಾರದಲ್ಲಿ ನಿನಗೇನೇ ಕೆಲಸ?” ಎಂದು ಅವನು ಕಾಲೆತ್ತಿದ. ಮೇಕೆ ಅಂಗಳಕ್ಕೆ ನಡೆಯಿತು.

ಅಷ್ಟರಲ್ಲಿ ಕೊಳ್ಳುವವರ ಕಾರಿನ ಬಾಗಿಲು ದಢಾರೆಂದಿತು. ರಣಧೀರ ಬೆಚ್ಚಿ ಪಕ್ಕಕ್ಕೆ ತಿರುಗಿದ, ಯಾರೂ ಇಲ್ಲ. ಗೋಡೆಗೆ ಒದ್ದು ಒದ್ದು, ಅವರ ಕಣ್ಣೆದುರೇ ಕಾಲು ಮುರಿದುಕೊಂಡ.

ಬಂದವರು ಬರಿಗೈಲಿ ಹೋಗಲಿಲ್ಲ. ತಮ್ಮಲ್ಲೂ ಪುಕ್ಕಲು ಕುದುರೆಗಳಿವೆಯೆಂದು ಮೇಕೆಯನ್ನು ಕೇಳಿದರು. ಕುಂಟನಿಗಿನ್ನು ಜೊತೆಯೇಕೆಂದು ಸಾಹೇಬರೂ ಕೊಟ್ಟರು. ಆ ದಿನದ ಒಟ್ಟು ಗಳಿಕೆ ಆರು ಸಾವಿರ ರೂಪಾಯಿ.