ಮೂರನ್ನು ಎಂಟು ಮಾಡಿದ ಮೌನೇಶ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಥೆ ಬರೆದು ನನಗೆ ರೂಢಿಯಿಲ್ಲ. ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯದೆ ವಿವರಿಸುತ್ತಲೇ ಹೋಗುತ್ತೇನೆ. ಆದರೂ ಮಕ್ಕಳು ಓದಲಿ, ದೊಡ್ಡವರೂ ಓದಲಿ ಎಂದು ಬರೆಯುತ್ತಿದ್ದೇನೆ.

ಬೆಟಗೇರಿಯಲ್ಲಿ ಮೌನೇಶ ಬಡಿಗೇರ ಎಂಬ ಪೇಂಟರ್ ಇದ್ದ. ಗಾಡಿಗಳಿಗೆ ನಂಬರ್ ಬರೆಯುವುದು ಅವನ ಕೆಲಸ. ಈಗ ನಂಬರ್ ಫಲಕ ಅಚ್ಚು ಒತ್ತಿಸಿಕೊಂಡು ಬರುತ್ತದೆ. ಆಗ ಕೈಯಲ್ಲೇ ಬರೆಯುತ್ತಿದ್ದರು. ಮೌನೇಶನಿಗೆ ಜನರ ಮುಖ ನೆನಪಿರುತ್ತಿರಲಿಲ್ಲ, ನಂಬರ್ ನೆನಪಿರುತ್ತಿತ್ತು. ದಾರಿಯಲ್ಲಿ ಯಾರಾದರೂ ನಮಸ್ಕಾರ ಎಂದರೆ ಮೊದಲು ಅವರ ಗಾಡಿಯ ಹಿಂಭಾಗ ನೋಡಿ, ಆಮೇಲೆ ನಗುತ್ತಿದ್ದ. ಅವನದೊಂದು ನಿಯಮವೂ ಇತ್ತು. ಗಾಡಿಯ ಕಾಗದ ನೋಡದೆ ಬ್ರಷ್ ಮುಟ್ಟುತ್ತಿರಲಿಲ್ಲ.

ಒಂದು ದಿನ ಶಿವಯೋಗಿ ಎಂಬ ಬಟ್ಟೆ ವ್ಯಾಪಾರಿ ನೀಲಿ ಸ್ಕೂಟರ್ ತಂದು ನಿಲ್ಲಿಸಿದ. ನಂಬರ್ ಏಳು ನಾಲ್ಕು ಒಂದು ಮೂರು.

"ಮೌನೇಶಣ್ಣ, ಈ ಮೂರಕ್ಕ ಎಡಗಡೆ ಒಂದೀಟು ಬಣ್ಣ ಹಚ್ಚಿ ಎಂಟು ಮಾಡು."

"ಕಾಗದದಾಗ ಎಂಟು ಐತೇನು?"

"ಕಾಗದ ಯಾರು ಕೇಳ್ತಾರೋ ಮಾರಾಯಾ! ಸರ್ಕಲ್‌ನಾಗ ಪೊಲೀಸರು ನಂಬರ್ ಬರ್ಕೊಂಡು ಮನಿಗೆ ನೋಟಿಸ್ ಕಳಸ್ತಾರ. ನಮ್ಮಪ್ಪನ ಕೈಯಾಗ ಸಿಕ್ಕರ ನನ್ನ ಕಥಿ ಮುಗೀತು."

"ಒನ್‌ವೇದಾಗ ಹೋಗಬ್ಯಾಡ. ಬಣ್ಣದ ಖರ್ಚೂ ಇಲ್ಲ."

"ಊರಾಗ ನಿನ್ನಂಥ ಕೈ ಯಾರಿಗೈತಿ? ನೀ ಬರದರ ಸಾಹೇಬರಿಗೂ ಗೊತ್ತಾಗೂದಿಲ್ಲ."

ಮೌನೇಶ ಹೊಗಳಿಕೆಗೆ ಸೋತ. ಲಂಚಕ್ಕಲ್ಲ, ಇದನ್ನು ನೀವು ಗಮನಿಸಬೇಕು. ಬರೀ ಹೊಗಳಿಕೆಗೆ. ಎರಡು ಗೆರೆ ಎಳೆದ. ಮೂರು ಎಂಟಾಯಿತು. ಶಿವಯೋಗಿ ಸೀಟಿ ಹಾಕುತ್ತ ಹೊರಟ.

ಗಾಡಿ ತಿರುವಿನಲ್ಲಿ ಮರೆಯಾಗುವ ಮೊದಲೇ ಮೌನೇಶನಿಗೆ ಕಸಿವಿಸಿ ಶುರುವಾಯಿತು. ಏಳು ನಾಲ್ಕು ಒಂದು ಎಂಟು. ಈ ನಂಬರನ್ನು ಹಿಂದೆಯೂ ಬರೆದಿದ್ದೇನಲ್ಲ! ಯಾರಿಗೆ? ಮುಖ ನೆನಪಾಗಲೊಲ್ಲದು. ಅಂಗಡಿಯಲ್ಲಿ ಕೂರಲಾಗಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ರಸ್ತೆಗೆ ಬಂದ. ಹೋಗುವ ಬರುವ ಸ್ಕೂಟರ್‌ಗಳ ಹಿಂದೆ ಬಗ್ಗಿ ಬಗ್ಗಿ ನೋಡಿದ. "ಏನ್ ಕಳಕೊಂಡೀಯೋ?" ಎಂದು ಜನ ನಕ್ಕರು. ಹೀಗೇ ನಾಲ್ಕು ದಿನ ಕಳೆಯಿತು. ಬೇರೆಯವರ ಫಲಕದ ಮೇಲೂ ಕೈ ತಪ್ಪಿ ಏಳು ನಾಲ್ಕು ಎಂದು ಬರೆದು ಒರೆಸಿದ.

ಐದನೆಯ ದಿನ ಬೆಳಿಗ್ಗೆ ಚಹಾ ಅಂಗಡಿಯಲ್ಲಿ ಸುದ್ದಿ ಬಂತು. ಹಿಂದಿನ ಸಂಜೆ ನೀಲಿ ಸ್ಕೂಟರೊಂದು ನಿವೃತ್ತ ಮಾಸ್ತರರೊಬ್ಬರಿಗೆ ಗುದ್ದಿ ನಿಲ್ಲದೆ ಓಡಿತ್ತು. ಮಾಸ್ತರರ ಕಾಲು ಮುರಿದಿತ್ತು. ಬಿದ್ದಲ್ಲಿಂದಲೇ ಅವರು ನಂಬರ್ ಓದಿಕೊಂಡಿದ್ದರು.

"ರೊಟ್ಟಿ ಚನ್ನಕ್ಕನ್ನ ಹಿಡಕೊಂಡು ಹೋದರಂತ," ಎಂದ ಚಹಾದವನು. "ಆಕಿ ನಂಬರ ಏಳು ನಾಲ್ಕು ಒಂದು ಎಂಟು. ಆಕಿದೂ ನೀಲಿ ಗಾಡಿನ. ಹೊಟ್ಟಿಪಾಡಿಗೆ ರೊಟ್ಟಿ ಮಾರಾಕಿ ಹಿಂಗ ಮಾಡಬೇಕಾ?"

ಆಗ ಮೌನೇಶನಿಗೆ ಮುಖ ನೆನಪಾಯಿತು. ಜೋಳದ ಹಿಟ್ಟು ಮೆತ್ತಿದ ಕೈಯಲ್ಲೇ ಕಾಗದ ಹಿಡಿದು ಬಂದಿದ್ದಳು ಚನ್ನಕ್ಕ.

ಈಗ ಅವನ ಮುಂದೆ ಎರಡು ದಾರಿ. ಸುಮ್ಮನಿದ್ದರೆ ಅವನು ಬಚಾವು. ಗುಟ್ಟು ಗೊತ್ತಿರುವುದು ಅವನಿಗೆ ಮತ್ತು ಶಿವಯೋಗಿಗೆ ಮಾತ್ರ. ಬಾಯಿ ಬಿಟ್ಟರೆ ಅವನೂ ಒಳಗೆ. ಠಾಣೆಯ ತನಕ ಹೋದ, ತಿರುಗಿ ಬಂದ. ಮತ್ತೆ ಹೋದ, ಮತ್ತೆ ಬಂದ. ಮೂರನೆಯ ಸಲ ಕಿಟಕಿಯಿಂದ ಚನ್ನಕ್ಕನ ದನಿ ಕೇಳಿಸಿತು.

"ಸಾಹೇಬ್ರ, ನಿನ್ನೆ ಸಂಜಿ ನಾ ಒಲಿ ಮುಂದ ಕುಂತಿದ್ದೆ. ಮನಿಯಾಗ ಬ್ಯಾರೆ ಯಾರೂ ಇರಲಿಲ್ಲರೀ. ನನ್ನ ರೊಟ್ಟಿನ ಸಾಕ್ಷಿ ಹೇಳಬೇಕು."

"ರೊಟ್ಟಿ ಸಾಕ್ಷಿ ಕೋರ್ಟಿನಾಗ ನಡಿಯೂದಿಲ್ಲಮ್ಮ. ನಂಬರ್ ನಿಂದು," ಎಂದರು ಸಾಹೇಬರು.

ಮೌನೇಶ ಒಳಗೆ ನುಗ್ಗಿದ. "ನಂಬರ್ ಆಕಿದರೀ. ಗಾಡಿ ಆಕಿದಲ್ಲ."

"ನಿನಗೆ ಹೆಂಗ ಗೊತ್ತು?"

"ನಾನ ಬರದೀನ್ರಿ. ಮೂರಿತ್ತು, ಎಂಟು ಮಾಡೀನಿ. ಶಿವಯೋಗಿ ಗಾಡಿ ತರಿಸಿ, ಸೀಮೆಎಣ್ಣಿ ಹಚ್ಚಿ ಒರಸ್ರಿ. ಎಡಗಡೆ ಗೆರಿ ಹೊಸಾವು, ಇನ್ನೂ ಪೂರಾ ಗಟ್ಟಿ ಆಗಿಲ್ಲ, ಅಳಿಸಿ ಹೋಗ್ತಾವು. ಮೂರು ಮಾತ್ರ ಹಳೇ ಬಣ್ಣ, ಉಳೀತೈತಿ."

ಗಾಡಿ ತರಿಸಿದರು. ಒರೆಸಿದರು. ಎಂಟು ಕರಗಿ ಮೂರು ಉಳಿಯಿತು. ಸಾಹೇಬರು ಚನ್ನಕ್ಕನ ಗಾಡಿಯ ಕೀಲಿ ಅವಳ ಕೈಗಿಟ್ಟರು.

ಶಿವಯೋಗಿಯ ಮೇಲೆ ಕೇಸಾಯಿತು. ಮೌನೇಶನ ಮೇಲೂ ಆಯಿತು. ನಿಜ ಹೇಳಿದ ಮಾತ್ರಕ್ಕೆ ಕಾನೂನು ಅವನನ್ನು ಬಿಡಲಿಲ್ಲ, ಬಿಡಬೇಕಾಗಿಯೂ ಇಲ್ಲ.

ಹೊರಗೆ ಮೌನೇಶ ಕೈ ಮುಗಿದ. ಚನ್ನಕ್ಕ ತಿರುಗಿ ಕೈ ಮುಗಿಯಲಿಲ್ಲ. "ನಿನ್ನ ಎರಡು ಗೆರಿ ನನ್ನ ಮನಿ ಮುಂದ ಜೀಪು ತಂದು ನಿಲ್ಲಿಸಿದವಲ್ಲೋ. ನೋಡಿದ ಓಣಿ ಮಂದಿ ಕಣ್ಣಿಗೆ ಯಾವ ಸೀಮೆಎಣ್ಣಿ ಹಚ್ಚಲಿ?" ಎಂದು ಗಾಡಿ ಹತ್ತಿ ಹೋದಳು.

ನೀತಿ: ನಂಬರ್ ಫಲಕ ಬರೀ ತಗಡಲ್ಲ, ರಸ್ತೆಯಲ್ಲಿ ಅದೇ ನಮ್ಮ ಹೆಸರು. ಅದನ್ನು ತಿದ್ದುವುದು ಅಪರಾಧ, ತಿದ್ದಿಕೊಡುವುದೂ ಅಪರಾಧ. ತಿದ್ದಿದರೆ ನಮ್ಮ ತಪ್ಪು ಅಳಿಯುವುದಿಲ್ಲ, ಗೊತ್ತೇ ಇಲ್ಲದ ಇನ್ನೊಬ್ಬರ ತಲೆಯ ಮೇಲೆ ಹೋಗಿ ಕೂರುತ್ತದೆ. ತಿದ್ದುವುದು ಎಂದರೆ ಬಣ್ಣ ಹಚ್ಚುವುದು ಮಾತ್ರವಲ್ಲ. ಫಲಕ ಬಾಗಿಸುವುದು, ಟೇಪ್ ಅಂಟಿಸುವುದು, ಅಂಕಿ ಕಾಣದಂತೆ ಹೂವಿನ ಹಾರ ಇಳಿಬಿಡುವುದು ಎಲ್ಲ ಅದೇ. ಹಾಗಾದರೆ ತಾನಾಗಿ ಮೆತ್ತಿದ ಕೆಸರಿನ ಗತಿ ಏನು ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಏನೆಂದರೆ, ಕೆಸರು ನಮ್ಮ ತಪ್ಪಲ್ಲ, ಆದರೆ ಅದನ್ನು ಒರೆಸದೆ... ಇರಿ, ಕೆಳಗೆ ಯಾರೋ ನನ್ನ ಗಾಡಿಯ ನಂಬರ್ ಹೇಳಿ ಕೂಗುತ್ತಿದ್ದಾರೆ. ಅವರ ಗೇಟಿಗೆ ಅಡ್ಡ ನಿಂತಿದೆಯಂತೆ. ತೆಗೆದು ಬಂದು ಹೇಳುತ್ತೇನೆ.