ಮಳೆ ಬರುತ್ತೆ ಅಂದವರು ಯಾರು?

ಇದನ್ನು ನಾನು ಬಾವಿಕಟ್ಟೆಯ ಮೇಲೆ ಕೂತು ಕಿವಿಯಾರೆ ಕೇಳಿದ್ದೇನೆ; ನಂಬದಿದ್ದರೆ ಬಾವಿಯನ್ನೇ ವಿಚಾರಿಸಿ.

ಕೆಂಪಿರುವೆ ಕೆಂಚಕ್ಕ ತನ್ನ ಮೊಟ್ಟೆಗಳನ್ನೆಲ್ಲ ಬಳಗದವರ ತಲೆಗೆ ಹೊರಿಸಿ ಗೋಡೆಯ ನೆತ್ತಿಗೆ ಸಾಗಿಸುತ್ತಿದ್ದಳು. ಬಿಸಿಲು ಚುರುಗುಟ್ಟಿದಾಗ ಅವಳಿಗೆ ಅನುಮಾನ ಬಂತು.

"ಕಪ್ಪೆರಾಯರೇ, ಇವತ್ತು ಗುಡುಗು ಮಳೆ ಖಂಡಿತ ತಾನೆ? ಬರದಿದ್ದರೆ ನನ್ನ ಮೊಟ್ಟೆಗಳು ಇಲ್ಲೇ ಒಣಗಿಹೋಗುತ್ತವೆ."

"ಖಂಡಿತ ಕಣಮ್ಮ! ಬೆಳಗಿನಿಂದ ನಾನು ಸುಮ್ಮನೆ ವಟಗುಟ್ಟುತ್ತಿದ್ದೇನೆಯೇ? ಅಗೋ, ಏರೋಪ್ಲೇನ್ ಚಿಟ್ಟೆ ನೆಲಕ್ಕೆ ತಾಗುವಂತೆ ಹಾರುತ್ತಿದೆ. ಇನ್ನೇನು ಪುರಾವೆ ಬೇಕು?"

ಚಿಟ್ಟೆ ಗಕ್ಕನೆ ನಿಂತಿತು. "ನಾನೇ? ಕೆಂಚಕ್ಕ ಸಂಸಾರ ಸಮೇತ ಗೋಡೆ ಹತ್ತಿದ್ದು ಕಂಡು ನಾನು ಕೆಳಗಿಳಿದೆ. ಇರುವೆಗಳ ಅಂದಾಜು ತಪ್ಪುವುದುಂಟೇ?"

"ಅಯ್ಯೋ, ನಾನು ಹತ್ತಿದ್ದೇ ರಾಯರ ವಟವಟ ಕೇಳಿ!" ಎಂದಳು ಕೆಂಚಕ್ಕ.

ಮೂವರೂ ಮುಖ ಮುಖ ನೋಡಿಕೊಂಡರು. ಆಮೇಲೆ, ಆ ದಿನ ಮೊದಲ ಬಾರಿಗೆ, ಆಕಾಶ ನೋಡಿದರು. ಒಂದು ಹಿಡಿ ಹತ್ತಿಯಷ್ಟು ಮೋಡವೂ ಇರಲಿಲ್ಲ.

"ಇಳಿಸಿರಮ್ಮ ಮೊಟ್ಟೆ!" ಎಂದು ಕೆಂಚಕ್ಕ ಕೂಗುವಷ್ಟರಲ್ಲಿ ಗುಡ್ಡದಾಚೆಯಿಂದ ಕರಿಮೋಡವೊಂದು ಏದುಸಿರು ಬಿಡುತ್ತ, ಗುಡುಗುಡು ಸದ್ದು ಮಾಡುತ್ತ ಓಡಿ ಬಂತು.

"ಕ್ಷಮಿಸಿ, ಕ್ಷಮಿಸಿ! ಬೇರೆ ಊರಿಗೆ ಹೊರಟಿದ್ದೆ. ನಿಮ್ಮೆಲ್ಲರ ತಯಾರಿ ನೋಡಿ, ಇವತ್ತು ಇಲ್ಲೇ ಸುರಿಯಬೇಕಿತ್ತು, ನಾನೇ ಮರೆತೆ ಅಂದುಕೊಂಡೆ. ತುಂಬಾ ತಡವಾಯಿತೆ?"

ಕೆಂಚಕ್ಕ ಮೊಟ್ಟೆಗಳನ್ನು ಗೋಡೆಯ ಮೇಲಿನ ಹೆಂಚಿನಡಿಗೆ ತಳ್ಳಿದಳು.

ಕಪ್ಪೆರಾಯರು ಗಂಟಲು ಸರಿಮಾಡಿಕೊಂಡರು. "ಸ್ವಲ್ಪ ತಡವೇ. ನಾವು ಬೆಳಗ್ಗೆಯೇ ಹೇಳಿಯಾಗಿತ್ತು."