ಆಳದ ನೀರು ಕಲ್ಲನ್ನು ಕರೆತಂದದ್ದು

ಆಗ ಭೂಮಿ ಇನ್ನೂ ಹೊಸದು. ತಾವು ಎಲ್ಲಿ ಕೂರಬೇಕೆಂದು ಗುಡ್ಡಗಳಿಗೆ ಆಗಷ್ಟೇ ಗೊತ್ತಾಗಿತ್ತು. ಗಾಳಿಗೂ ಮಾತು ಬರುತ್ತಿತ್ತು, ಕಲ್ಲಿಗೂ ಮಾತು ಬರುತ್ತಿತ್ತು. ನೀರಂತೂ ಹೋದಲ್ಲೆಲ್ಲ ಮಾತಾಡಿಕೊಂಡೇ ಹೋಗುತ್ತಿತ್ತು.

ಆಗಿನ ಸೂರ್ಯನಿಗೆ ಬಲು ಬಾಯಾರಿಕೆ. ಹಳ್ಳ ಕುಡಿದ, ಹೊಂಡ ಕುಡಿದ, ಎಲೆಯ ಮೇಲಿನ ಇಬ್ಬನಿಯನ್ನೂ ಬಿಡದೆ ಕುಡಿದ. ನೀರಿಗೆ ಹೆದರಿಕೆಯಾಯಿತು. ಬಚ್ಚಿಟ್ಟುಕೊಳ್ಳಲು ಜಾಗ ಕೊಡು ಎಂದು ಮಣ್ಣನ್ನು ಕೇಳಿತು. ಮಣ್ಣಿನೊಳಗೂ ಬಿಸಿಲಿನ ಕಾವು ಬಂತು. ಮರಳನ್ನು ಕೇಳಿತು. ಮರಳಿನ ಕೈಯಲ್ಲಿ ನೀರು ನಿಲ್ಲಲಿಲ್ಲ. ಇಳಿದು ಇಳಿದು, ಕಡೆಗೆ ಎಲ್ಲರಿಗಿಂತ ಕೆಳಗೆ ಮಲಗಿದ್ದ ಕಲ್ಲಜ್ಜನ ಹತ್ತಿರ ಬಂತು.

ಕಲ್ಲಜ್ಜನ ಮೈಯಲ್ಲಿ ಒಂದು ಸೂಜಿಗೂ ಜಾಗವಿರಲಿಲ್ಲ. ಆದರೂ ಅವನು ನೋವು ನುಂಗಿಕೊಂಡು ಮೈಯನ್ನು ಬಿರುಕು ಬಿಡಿಸಿದ. "ಬಾ ತಾಯಿ, ಇಲ್ಲಿರು" ಎಂದ.

ನೀರು ಆ ಬಿರುಕುಗಳಲ್ಲಿ ತಣ್ಣಗೆ ಉಳಿಯಿತು. ತುಂಬ ಕಾಲದ ಮೇಲೆ, ನಿನ್ನ ಉಪಕಾರಕ್ಕೆ ನಾನೇನು ಮಾಡಲಿ ಎಂದು ಕೇಳಿತು. ಕಲ್ಲಜ್ಜ ನೂರು ವರ್ಷ ಯೋಚಿಸಿ ಹೇಳಿದ: "ಹುಟ್ಟಿದಾಗಿನಿಂದ ಕತ್ತಲಲ್ಲೇ ಇದ್ದೇನೆ. ನೀನು ಯಾವಾಗಲಾದರೂ ಮೇಲೆ ಹೋದರೆ ನನ್ನದೊಂದು ಚೂರನ್ನು ಕರೆದುಕೊಂಡು ಹೋಗು. ಬೆಳಕು ಹೇಗಿರುತ್ತದೆ ಅಂತ ನೋಡಬೇಕು."

ನೀರು ಆಗಲಿ ಎಂದು ಮಾತು ಕೊಟ್ಟಿತು.

ಮೇಲೆ, ಗುಡ್ಡದ ಬುಡದಲ್ಲಿ, ಕುರಿ ಸಾಕುವವರ ಒಂದು ಹಟ್ಟಿ ಇತ್ತು. ಹನ್ನೊಂದು ಗುಡಿಸಲು. ಅಲ್ಲಿಯ ಜನ ಹಳ್ಳದ ಮರಳನ್ನು ಕೈಯಿಂದ ಬಗೆದು, ಒಸರಿದ ಒರತೆಯ ನೀರನ್ನು ಸೋರೆಬುರುಡೆಯಲ್ಲಿ ಮೊಗೆದು ಕುಡಿಯುತ್ತಿದ್ದರು. ಒಂದು ಬೇಸಿಗೆ ಆ ಒರತೆ ಬತ್ತಿತು. ಮೊಣಕೈ ಉದ್ದ ಬಗೆದರು, ಆಳುದ್ದ ಬಗೆದರು, ಮರಳು ಒಣಗಿಯೇ ಇತ್ತು.

ಆ ಹಟ್ಟಿಯಲ್ಲಿ ಬೊಮ್ಮಕ್ಕ ಎಂಬ ಹೆಂಗಸಿದ್ದಳು. ನೆಲಕ್ಕೆ ಕಿವಿಯಿಟ್ಟರೆ ನೀರಿನ ಸದ್ದು ಕೇಳುತ್ತಿತ್ತು ಅವಳಿಗೆ. ಅವಳು ಹಾರೆ ಹಿಡಿದು ಅಗೆಯತೊಡಗಿದಳು. ತಮ್ಮ ಗಾದ್ರಪ್ಪ ಮಂಕರಿಯಲ್ಲಿ ಮಣ್ಣು ಹೊತ್ತು ಹಾಕಿದ. ಮಣ್ಣು ಮುಗಿಯಿತು, ಅಗೆದರು. ಅದರಡಿಯ ಗಟ್ಟಿ ಮೊರಸುಮಣ್ಣು ಮುಗಿಯಿತು, ಅಗೆದರು. ಕಲ್ಲು ಬಂತು. ಕಲ್ಲಿನ ಮೇಲೆ ಬೆಂಕಿ ಹಾಕಿ, ಕಾದ ಮೇಲೆ ಒಡೆದು, ಮತ್ತೂ ಅಗೆದರು. ಒಂದು ಮಧ್ಯಾಹ್ನ ಹಾರೆಯ ತುದಿ ಒದ್ದೆಯಾಗಿ ಬಂತು.

ಕನ್ನಡಿಯಂಥ ನೀರು. ಜನ ಕುಡಿದರು, ಕುರಿ ಕುಡಿದವು. ಬೊಮ್ಮಕ್ಕನ ಕೈಯ ಬೊಬ್ಬೆಗಳನ್ನು ಮುಟ್ಟಿ ಮುದುಕಿಯರು ಕಣ್ಣಿಗೊತ್ತಿಕೊಂಡರು. ನೀರಿನ ಜೊತೆ ಕಲ್ಲಜ್ಜನ ಚೂರುಗಳೂ ಮೇಲೆ ಬಂದಿದ್ದವು. ಆದರೆ ಅವು ಎಷ್ಟು ಸಣ್ಣವೆಂದರೆ ಯಾರ ಕಣ್ಣಿಗೂ ಕಾಣಲಿಲ್ಲ, ಯಾರ ಬೆರಳಿಗೂ ಸಿಗಲಿಲ್ಲ.

ವರ್ಷಗಳು ಕಳೆದವು. ಬೊಮ್ಮಕ್ಕನ ಮಗಳು ಸಿರಿಯವ್ವನಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದವು. ಅವುಗಳ ಮೇಲೆ ಕಂದು ಬಣ್ಣದ ಗೆರೆಗಳಿದ್ದವು. ಬೇವಿನ ಕಡ್ಡಿಯಿಂದ ಉಜ್ಜಿದರೂ ಹೋಗಲಿಲ್ಲ, ಬೂದಿಯಿಂದ ಉಜ್ಜಿದರೂ ಹೋಗಲಿಲ್ಲ. ಹುಡುಗಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಲಿತಳು. ಹಟ್ಟಿಯ ಅವಳ ಓರಗೆಯ ಮಕ್ಕಳೆಲ್ಲ ಹಾಗೇ ಕಲಿತರು.

ಗಾದ್ರಪ್ಪನ ಮಂಡಿಗಳು ಬಿಗಿದುಕೊಂಡವು. ಗುಡ್ಡ ಹತ್ತಿ ಕುರಿಯ ಮುಂದೆ ಓಡುತ್ತಿದ್ದವನಿಗೆ ಈಗ ಗುಡಿಸಲ ಮುಂದಿನ ಬಂಡೆಯ ಮೇಲೆ ಕೂತರೆ ಏಳಲು ಇನ್ನೊಬ್ಬರ ಕೈ ಬೇಕಾಯಿತು.

ಒಮ್ಮೆ ಗುಡ್ಡದ ಆಚೆಯ ಹಟ್ಟಿಯಿಂದ ಅವರ ಸೋದರತ್ತೆ ಬಂದಳು. ಮಕ್ಕಳ ಬಾಯಿ ನೋಡಿದಳು, ಗಾದ್ರಪ್ಪನ ಕಾಲು ನೋಡಿದಳು. ನಮ್ಮ ಕಡೆ ಯಾರಿಗೂ ಹೀಗಿಲ್ಲವಲ್ಲ ಎಂದಳು. ನೀವು ತಿನ್ನುವುದೇನು ಎಂದು ಬೊಮ್ಮಕ್ಕ ಕೇಳಿದಳು. ಇದೇ ನವಣೆ, ಇದೇ ಹಾಲು. ಕುಡಿಯುವುದೇನು ಎಂದು ಕೇಳಿದಳು. ನಮ್ಮದು ಇನ್ನೂ ಹಳ್ಳದ ಒರತೆಯೇ ಎಂದಳು ಅತ್ತೆ.

ಬೊಮ್ಮಕ್ಕ ತನ್ನ ಎರಡು ಕೈಗಳನ್ನೇ ನೋಡುತ್ತ ಕೂತಳು. ಆ ಬಾವಿ ತೋಡಿದ್ದು ಈ ಕೈಗಳೇ.

ಮರುದಿನ ಅವಳು ಮೆಟ್ಟಿಲಿಳಿದು ಬಾವಿಯ ತಳಕ್ಕೆ ಹೋದಳು. ನೀರಿನ ಪಕ್ಕ ಕೂತು ಕೇಳಿದಳು: "ಅವ್ವಾ, ನಮ್ಮ ಮೇಲೆ ನಿನಗೆ ಸಿಟ್ಟೇ?"

ನೀರು ಬೆಚ್ಚಿತು. ಸಿಟ್ಟು ಯಾಕೆ ಬರಬೇಕು ಎಂದಿತು. ಬೊಮ್ಮಕ್ಕ ಎಲ್ಲವನ್ನೂ ಹೇಳಿದಳು. ನೀರು ತಾನು ಕೊಟ್ಟ ಮಾತಿನ ಕಥೆ ಹೇಳಿತು. "ಅಜ್ಜನಿಗೆ ಬೆಳಕು ತೋರಿಸಿದೆ ಅಂತ ಸಂತೋಷಪಡುತ್ತಿದ್ದೆ ಮಗಳೇ. ಅವನ ಚೂರುಗಳು ನಿಮ್ಮ ಮೂಳೆಯೊಳಗೆ ಕೂತುಬಿಟ್ಟಿವೆ ಅಂತ ನನಗೆ ಗೊತ್ತಾಗಲಿಲ್ಲ."

ಬಿರುಕುಗಳ ಒಳಗಿನಿಂದ ಕಲ್ಲಜ್ಜನಿಗೂ ಇದು ಕೇಳಿಸಿತು. ಅವನು, ನನಗೆ ಬೆಳಕು ಬೇಡ, ಮಾತು ಮರೆತುಬಿಡು ಎಂದು ನೀರಿಗೆ ಹೇಳಿದ.

ಬೊಮ್ಮಕ್ಕ ಮಗಳ ಹಲ್ಲನ್ನು ನೆನೆದಳು, ತಮ್ಮನ ಮಂಡಿಯನ್ನು ನೆನೆದಳು. ಒಪ್ಪಿಬಿಡಬೇಕು ಅನ್ನಿಸಿತು. ಆದರೆ ಈ ಮುದುಕ ಮೈ ಒಡೆದುಕೊಂಡು ಜಾಗ ಕೊಡದಿದ್ದರೆ ಅವಳ ಹಟ್ಟಿ ಆ ಬೇಸಿಗೆಯಲ್ಲೇ ಸಾಯುತ್ತಿತ್ತು. ಅಷ್ಟೂ ಅಲ್ಲದೆ, ಅವನ ಜೊತೆ ಇಷ್ಟು ಕಾಲ ಇದ್ದ ನೀರು ಅವನನ್ನು ಬಿಟ್ಟು ಹೇಗೆ ತಾನೇ ಬಂದೀತು?

"ಮಾತು ಮುರಿಯುವುದು ಬೇಡ ಅಜ್ಜ" ಎಂದಳು. "ಆ ಮಾತು ಕೊಡದ ನೀರು ಬೇರೆ ಇದ್ದರೆ ಹೇಳಿ, ಸಾಕು."

ನೀರು ನೆನಪು ಮಾಡಿಕೊಂಡಿತು. ಅದಕ್ಕೆ ಮಳೆನೀರು ಎಂಬ ಒಬ್ಬ ತಂಗಿ ಇದ್ದಳು. ಅವಳು ಕಲ್ಲಿನ ಸಹವಾಸ ಮಾಡಿದವಳಲ್ಲ. ತಂಗಿ ಕೆಳಗಿಳಿದು ನನ್ನ ಜೊತೆ ಸೇರಿದರೆ, ಒಂದು ಕೊಡದಲ್ಲಿ ಬರುವ ಕಲ್ಲು ಕಡಿಮೆಯಾಗುತ್ತದೆ ಎಂದಿತು ನೀರು. ಆದರೆ ತಂಗಿಗೆ ಬಲು ಅವಸರ. ಬರುತ್ತಾಳೆ, ಗುಡ್ಡದಿಂದ ಜಾರುತ್ತಾಳೆ, ಹಿಂತಿರುಗಿ ನೋಡದೆ ಹೊಳೆಗೆ ಓಡುತ್ತಾಳೆ.

ಬೊಮ್ಮಕ್ಕ ಮೇಲೆ ಬಂದು ಹಟ್ಟಿಯ ಜನರನ್ನೆಲ್ಲ ಕೂಡಿಸಿದಳು. ತಾನು ತೋಡಿದ ಬಾವಿಯಿಂದಲೇ ಇದೆಲ್ಲ ಆಯಿತು ಎಂದು ತಲೆ ತಗ್ಗಿಸಿ ಹೇಳಿದಳು. ಯಾರೂ ಬಯ್ಯಲಿಲ್ಲ. ಬಂಡೆಯ ಮೇಲಿಂದ ಗಾದ್ರಪ್ಪ ಹೇಳಿದ: "ಮಣ್ಣು ಹೊತ್ತವನು ನಾನು ಅಕ್ಕಾ. ಈಗ ಏನು ಹೊರಬೇಕು ಹೇಳು."

ಬಾವಿಯ ಮೇಲ್ಗಡೆ ಹಳ್ಳಕ್ಕೆ ಅಡ್ಡವಾಗಿ ಒಡ್ಡು ಕಟ್ಟಿದರು. ಗಂಡಸರು ಕಲ್ಲು ಉರುಳಿಸಿದರು, ಹೆಂಗಸರು ಮಣ್ಣು ತುಂಬಿದರು, ಮಕ್ಕಳು ಸಂದಿಗೆ ಚಕ್ಕೆ ಸೇರಿಸಿದರು. ಗಾದ್ರಪ್ಪ ಕೂತಲ್ಲಿಂದಲೇ ಮಣ್ಣು ಮಿದ್ದು ಮುದ್ದೆ ಮಾಡಿ ಕೊಟ್ಟ. ಬಾವಿಯ ನೀರು ಹಗುರಾಗುವವರೆಗೆ ಹೆಂಗಸರು ಗುಡ್ಡ ದಾಟಿ ಅತ್ತೆಯ ಹಟ್ಟಿಯ ಒರತೆಯಿಂದ ಕುಡಿಯುವ ನೀರು ಹೊತ್ತು ತಂದರು. ಹೋಗುವುದು ಅರ್ಧ ದಿನ, ಬರುವುದು ಅರ್ಧ ದಿನ.

ಮಳೆ ಬಂತು. ಮಳೆನೀರು ಗುಡ್ಡದಿಂದ ಜಾರಿ ಬಂದು ಒಡ್ಡಿಗೆ ಡಿಕ್ಕಿ ಹೊಡೆದು ನಿಂತಿತು. ಯಾಕೆ ತಡೆದಿರಿ, ಹೊಳೆ ಕಾಯುತ್ತಿದೆ ಎಂದು ಸಿಡುಕಿತು. ಬೊಮ್ಮಕ್ಕ ನಡುಮಟ್ಟದ ನೀರಿನಲ್ಲಿ ನಿಂತು ಹೇಳಿದಳು: "ಕೆಳಗೆ ನಿನ್ನ ಅಕ್ಕ ಇದ್ದಾಳೆ. ಹೊರಲಾರದ ಹೊರೆ ಹೊತ್ತಿದ್ದಾಳೆ. ಸ್ವಲ್ಪ ಹೆಗಲು ಕೊಡು."

ಮಳೆನೀರಿಗೆ ತನಗೊಬ್ಬ ಅಕ್ಕ ಇದ್ದಾಳೆಂಬುದೇ ಗೊತ್ತಿರಲಿಲ್ಲ. ಕೆಂಪಗಿದ್ದದ್ದು ತಿಳಿಯಾಯಿತು. ಆಮೇಲೆ ಮರಳಿನ ಕೈ ಹಿಡಿದುಕೊಂಡು ಮೆಲ್ಲಗೆ, ಮೆಲ್ಲಗೆ ಕೆಳಗಿಳಿಯಿತು.

ಒಂದೇ ಮಳೆಗೆ ಏನೂ ಆಗಲಿಲ್ಲ. ಎರಡನೆಯ ವರ್ಷ ಬಾವಿಯ ನೀರು ಏರಿತು. ಮೂರನೆಯ ವರ್ಷ ಬೊಮ್ಮಕ್ಕ ಒಂದು ಬೊಗಸೆ ಬಾಯಿಗಿಟ್ಟು ತುಂಬ ಹೊತ್ತು ನುಂಗದೆ ಕೂತಳು. ನೀರಿನ ರುಚಿ ಹಗುರವಾಗಿತ್ತು. ಆದರೂ ಅವಳು ನಂಬಲಿಲ್ಲ. ಆಮೇಲೆ ಹುಟ್ಟಿ ಬಾವಿಯ ನೀರು ಕುಡಿದು ಬೆಳೆದ ಮಕ್ಕಳಿಗೆ ಹೊಸ ಹಲ್ಲು ಬರುವವರೆಗೂ ಕಾದಳು. ಹಲ್ಲು ಬೆಳ್ಳಗೆ ಬಂದವು. ಆಗಲೇ ಅವಳು ಬಾವಿಯ ಕಟ್ಟೆಗೆ ಹಣೆ ಹಚ್ಚಿ ಅತ್ತದ್ದು.

ಗಾದ್ರಪ್ಪನ ಮಂಡಿ ಮತ್ತೆ ಸರಿಹೋಗಲಿಲ್ಲ. ಸಿರಿಯವ್ವನ ಹಲ್ಲಿನ ಗೆರೆಯೂ ಹೋಗಲಿಲ್ಲ. ಹೋದದ್ದು ಹೋಯಿತು. ಆದರೆ ಅವಳು ತನ್ನ ಮಗುವಿಗೆ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಲಿಸಬೇಕಾಗಲಿಲ್ಲ.

ಕಲ್ಲಜ್ಜನ ಚೂರುಗಳು ಈಗಲೂ ಬರುತ್ತವೆ ಕಂದ, ಮಾತು ಮಾತೇ. ಎಲ್ಲಿ ತಂಗಿ ಇಳಿದು ಅಕ್ಕನನ್ನು ಸೇರುತ್ತಾಳೋ ಅಲ್ಲಿ ಕಡಿಮೆ, ಎಲ್ಲಿ ಅವಳನ್ನು ಓಡಲು ಬಿಟ್ಟಿದ್ದಾರೋ ಅಲ್ಲಿ ಹೆಚ್ಚು. ಅದಕ್ಕೇ ಒಂದೊಂದು ಊರಿನ ಬಾವಿಗೆ ಒಂದೊಂದು ರುಚಿ. ಅದಕ್ಕೇ ನಮ್ಮ ನೀರು ಕಾಯಿಸುವ ಪಾತ್ರೆಯ ತಳದಲ್ಲಿ, ಎಷ್ಟು ಉಜ್ಜಿದರೂ ಬಿಡದೆ, ಬೆಳ್ಳನೆಯ ಕಲ್ಲು ಕೂತಿರುತ್ತದೆ.